ಹಳೆಯದು, ಮುಟ್ಟಬೇಡಿ

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಅರ್ಧ ಆಯುಷ್ಯ ಕಳೆದೂ ಯಾರೊಬ್ಬರ ಜೊತೆಗೂ ಜಗಳವಾಡದ ಮನುಷ್ಯ ಎಂದರೆ ಅವರೊಬ್ಬರೇ. ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದು ಕೂಗಾಡುತ್ತ ಬಂದವರಿಗೂ, ನೀರು ನಿಲ್ಲುವುದೇ ಇಲ್ಲ ಎಂದು ಅಳುತ್ತ ಬಂದವರಿಗೂ ಅವರು ಹೇಳುತ್ತಿದ್ದುದು ಒಂದೇ ಮಾತು: "ನೋಡೋಣ." ಅದನ್ನು ಅವರು ಎಷ್ಟು ಸಮಾಧಾನದಿಂದ, ಎಷ್ಟು ಮರ್ಯಾದೆಯಿಂದ ಹೇಳುತ್ತಿದ್ದರೆಂದರೆ, ಬಂದವರು ತಮ್ಮ ಕೆಲಸ ಅರ್ಧ ಆಯಿತೆಂದುಕೊಂಡೇ ಮನೆಗೆ ಹೋಗುತ್ತಿದ್ದರು. ಉಳಿದರ್ಧ ಪೈಪಿಗೆ ಬಿಟ್ಟ ವಿಷಯ. ಹೀಗಾಗಿ ಕಚೇರಿಯಲ್ಲೂ ಬೀದಿಯಲ್ಲೂ ಅವರಿಗೆ ನೋಡೋಣ ಸಾಹೇಬರು ಎಂದೇ ಹೆಸರು ಬಿದ್ದಿತ್ತು. ತಂದೆತಾಯಿ ಇಟ್ಟ ಹೆಸರು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತಿತ್ತು.

ಶನಿವಾರ ಕಚೇರಿಗೆ ಅರ್ಧ ದಿನ ರಜೆ. ಅದೇ ಹೊತ್ತಿಗೆ ಅವರ ಹೆಂಡತಿ ಮನೆ ತೊಳೆಯುವ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಆ ಕಾರ್ಯಕ್ರಮದಲ್ಲಿ ಗಂಡನೆಂಬ ಪ್ರಾಣಿ ಎಲ್ಲಿ ಕುಳಿತರೂ ಅಡ್ಡ, ನಿಂತರೂ ಅಡ್ಡ. "ಎಲ್ಲಾದ್ರೂ ಹೋಗಿ ಬನ್ನಿ, ನೆಲ ಒಣಗಲಿ," ಎಂಬ ಅಪ್ಪಣೆ ಪಡೆದು ಸಾಹೇಬರು ಹಳೆಪೇಟೆಗೆ ಹೊರಡುತ್ತಿದ್ದರು.

ಹಳೆಪೇಟೆಯ ಗಡಿಯಾರದ ಗೋಪುರದ ಹಿಂದೆ ಒಂದು ಇಕ್ಕಟ್ಟಿನ ಬೀದಿ. ಅದರ ಎರಡೂ ಬದಿಗೆ ಹಳೆಯ ಸಾಮಾನಿನ ಅಂಗಡಿಗಳು. ತಿರುಗದ ಫ್ಯಾನು, ಹಾಡದ ರೇಡಿಯೋ, ಯಾರದೋ ಮನೆಯ ಬಾಗಿಲು, ಯಾರದೋ ಮದುವೆಯ ಫೋಟೋ, ಕಿವಿ ಮುರಿದ ಪಿಂಗಾಣಿ ಬಟ್ಟಲು. ಸಾಹೇಬರು ಒಂದೊಂದನ್ನೂ ಎತ್ತಿ, ತಳ ನೋಡಿ, ಬೆರಳಿನ ಗೆಣ್ಣಿನಿಂದ ಎರಡು ಸಲ ಕುಟ್ಟಿ, ಮೂಸಿ, ಹ್ಞೂಂ ಎಂದು ಇದ್ದಲ್ಲೇ ಇಡುತ್ತಿದ್ದರು. ಕುಟ್ಟಿದ್ದರಿಂದ ಅವರಿಗೆ ಏನು ತಿಳಿಯುತ್ತಿತ್ತೆಂಬುದು ಅವರಿಗೂ ಗೊತ್ತಿರಲಿಲ್ಲ. ಕಚೇರಿಯಲ್ಲಿ ಪೈಪು ಕುಟ್ಟಿ ನೋಡುವ ಅಭ್ಯಾಸ, ಇಲ್ಲಿಗೂ ಬಂದಿತ್ತು. "ತಗೋತೀರಾ?" ಎಂದು ಅಂಗಡಿಯವರು ಕೇಳಿದರೆ ಉತ್ತರ ಏನೆಂದು ಬೇರೆ ಹೇಳಬೇಕಾಗಿಲ್ಲ. ಇಷ್ಟು ವರ್ಷದಲ್ಲಿ ಅವರು ಆ ಬೀದಿಯಲ್ಲಿ ಕೊಂಡ ವಸ್ತು ಒಂದೇ, ಅದು ಕಡಲೆಕಾಯಿ.

ಬೀದಿಯ ಕೊನೆಯ ಅಂಗಡಿಯಲ್ಲಿ ಒಂದು ಕುರ್ಚಿ ಇತ್ತು. ಬೆತ್ತದ ಹಾಸು, ಉದ್ದನೆಯ ಕೈಗಳು, ಕೈಗಳ ತುದಿಗೆ ಒಂದೊಂದು ಸಿಂಹದ ಮುಖ. ಎಡಗಡೆಯ ಸಿಂಹಕ್ಕೆ ಮೂಗಿರಲಿಲ್ಲ. ಒಂದು ಶನಿವಾರ ಸಾಹೇಬರು ಅದನ್ನೂ ಕುಟ್ಟಿ, ಮೂಸಿ, ಕೊನೆಗೆ ಕುಳಿತು ನೋಡಿದರು. ಒರಗಿ ನೋಡಿದರು. ಆಮೇಲೆ ನೋಡಲು ಕಣ್ಣು ತೆರೆದಿರಲಿಲ್ಲ.

ಅಂಗಡಿಯವರು ನಾಜೂಕಿನ ಮನುಷ್ಯ. ಗಿರಾಕಿಯನ್ನು ಎಬ್ಬಿಸಿ ಕಳಿಸಿದರೆ ಅಂಗಡಿಗೆ ಕೆಟ್ಟ ಹೆಸರು, ಬಿಟ್ಟರೆ ಗೊರಕೆ. ಏನು ಮಾಡುವುದೆಂದು ಅವರು ತಲೆ ಕೆರೆದುಕೊಳ್ಳುತ್ತಿರುವಾಗ ಗಂಡಹೆಂಡತಿ ಇಬ್ಬರು ಒಳಗೆ ಬಂದು, "ಇವರ್ಯಾರು?" ಎಂದು ಕೇಳಿದರು. ಅಂಗಡಿಯವರ ನಾಲಗೆ ಅವರ ತಲೆಗಿಂತ ಚುರುಕು.

"ಮೆಲ್ಲಗೆ ಮಾತಾಡಿ," ಎಂದರು. "ದೊಡ್ಡ ಮನೆತನದವರು. ಆ ಕುರ್ಚಿ ಅವರ ಅಜ್ಜನದು. ಕಾಲ ಕೆಟ್ಟು ಎಲ್ಲಾ ಕೈ ಬಿಟ್ಟು ಹೋಯ್ತು. ವಾರಕ್ಕೊಂದ್ಸಲ ಬಂದು ಅಜ್ಜನ ಕುರ್ಚಿಲಿ ಕೂತು ಹೋಗ್ತಾರೆ. ಬೇಡ ಅನ್ನೋಕೆ ನನಗೆ ಮನಸ್ಸು ಬರಲ್ಲ."

ಆ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡರು. ಗಂಡ ಚೌಕಾಸಿ ಮಾಡದೆ ಒಂದು ಹಿತ್ತಾಳೆ ದೀಪ ಕೊಂಡರು. ಆ ದೀಪ ಅಂಗಡಿ ಶುರುವಾದಂದಿನಿಂದ ಅಲ್ಲಿ ಧೂಳು ತಿನ್ನುತ್ತಿತ್ತು.

ಎಚ್ಚರವಾದ ಸಾಹೇಬರಿಗೆ ಅಂಗಡಿಯವರು ಚಹಾ ತರಿಸಿಕೊಟ್ಟು ವಿಷಯ ತಿಳಿಸಿದರು. ಸಾಹೇಬರು ಬೆಚ್ಚಿಬಿದ್ದರು.

"ನಮ್ಮಜ್ಜ ಸೈಕಲ್ ಪಂಕ್ಚರ್ ಹಾಕ್ತಿದ್ರು."

"ಅದನ್ನ ಯಾರು ಕೇಳಿದ್ರು? ನೀವು ಏನೂ ಹೇಳಬೇಡಿ. ಬನ್ನಿ, ಕೂತ್ಕೊಳ್ಳಿ, ನಿದ್ದೆ ಮಾಡಿ. ಮಿಕ್ಕಿದ್ದು ನನಗೆ ಬಿಡಿ."

"ನೋಡೋಣ," ಎಂದರು ಸಾಹೇಬರು.

ಅಲ್ಲಿಂದ ಅವರ ಶನಿವಾರಗಳ ಗತ್ತೇ ಬೇರೆಯಾಯಿತು. ಅಂಗಡಿಯವರು ಹಿತ್ತಾಳೆ ಗುಂಡಿಯ ಒಂದು ಕಪ್ಪು ಕೋಟನ್ನೂ ಹೊಂದಿಸಿಕೊಟ್ಟರು. ಅದರಿಂದ ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು, ಆದರೆ ಮನೆತನದ ವಾಸನೆ ಎಂದರೆ ಅದೇ ಇರಬೇಕೆಂದು ಸಾಹೇಬರು ಸಮಾಧಾನ ಮಾಡಿಕೊಂಡರು. ನಿದ್ದೆ ಬಾರದಿದ್ದಾಗ ಕಣ್ಣು ಮುಚ್ಚಿ, ಬಲಗಡೆಯ ಸಿಂಹದ ತಲೆ ಸವರುತ್ತ ನಿಟ್ಟುಸಿರು ಬಿಡುವುದನ್ನೂ ಕಲಿತರು. ಇಷ್ಟು ಕಾಲ ಜನ ತಮ್ಮ ಕಷ್ಟ ಹೇಳಿಕೊಂಡು ಅವರ ಮುಂದೆ ನಿಲ್ಲುತ್ತಿದ್ದರು. ಈಗ ಅವರ ಕಷ್ಟಕ್ಕೆ ಜನ ಮರುಗುತ್ತಿದ್ದರು. ಅದೂ ಇಲ್ಲದ ಕಷ್ಟಕ್ಕೆ. ಇದಕ್ಕಿಂತ ಹೆಚ್ಚಿನ ಸುಖ ಸರ್ಕಾರಿ ನೌಕರಿಯಲ್ಲಿ ಯಾರೂ ಕಂಡಿರಲಾರರು.

ಸುದ್ದಿ ಅಂಗಡಿಯೊಳಗೇ ಉಳಿಯಲಿಲ್ಲ. ಅವರ ಕಚೇರಿಯ ಸೂಪರಿಂಟೆಂಡೆಂಟರ ಹೆಂಡತಿ ಅಲ್ಲಿ ಹೂದಾನಿ ಕೊಳ್ಳಲು ಹೋಗಿದ್ದವರು ಮನೆಗೆ ಬಂದು ಎರಡು ದಿನ ಅದನ್ನೇ ಮಾತಾಡಿದರು. ಸೋಮವಾರ ಸೂಪರಿಂಟೆಂಡೆಂಟರು ಸಾಹೇಬರ ಮೇಜಿನ ಹತ್ತಿರ ತಾವೇ ಬಂದರು. ಹಾಗೆ ಬಂದದ್ದು ಕಚೇರಿಯ ಚರಿತ್ರೆಯಲ್ಲೇ ಮೊದಲು.

"ಏನ್ರೀ, ಇಷ್ಟು ದಿನ ಬಾಯೇ ಬಿಡಲಿಲ್ಲವಲ್ಲ ನೀವು. ನಿಮ್ಮಂಥವರನ್ನ ಈ ಸೋರೋ ಗೋಡೆ ಪಕ್ಕ ಕೂರಿಸಿದೀನಲ್ಲ ನಾನು."

"ಪರವಾಗಿಲ್ಲ ಸಾರ್."

"ಪರವಾಗಿಲ್ಲ ಅಂತಾರೆ ನೋಡಿ. ಇದಕ್ಕೇ ಮನೆತನ ಅನ್ನೋದು," ಎಂದು ಸೂಪರಿಂಟೆಂಡೆಂಟರು ಸುತ್ತಲಿನವರಿಗೆ ತೋರಿಸಿಕೊಟ್ಟು, ಅವರ ಮೇಜನ್ನು ಕಿಟಕಿಯ ಪಕ್ಕಕ್ಕೆ ಹಾಕಿಸಿದರು. ನೀರು ಸರಬರಾಜು ಕಚೇರಿಯ ಗೋಡೆ ಸೋರುವುದನ್ನು ನಿಲ್ಲಿಸಬೇಕೆಂದು ಮಾತ್ರ ಆಗಲೂ ಯಾರಿಗೂ ಹೊಳೆಯಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದು ಒಬ್ಬ ಮನುಷ್ಯನ ನಿದ್ದೆಯ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಸಾಹೇಬರಿಗೆ ಒಬ್ಬಳು ಮಗಳಿದ್ದಳು.

ಮಗಳು ಕಣ್ಣಿನ ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಆಸ್ಪತ್ರೆಯ ಎದುರಿಗೇ ಕನ್ನಡಕದ ಅಂಗಡಿ. ಅಲ್ಲಿ ಗಾಜು ಉಜ್ಜುವ ಹುಡುಗನಿಗೂ ಇವಳಿಗೂ ಮನಸ್ಸು ಕೂಡಿತ್ತು. ಹುಡುಗ ಬಂಗಾರದಂಥವನು. ಅವನ ಅಪ್ಪ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದವರು, ಅಮ್ಮ ಅದೇ ಶಾಲೆಯ ಲೆಕ್ಕದ ಟೀಚರು. ಮೇಷ್ಟ್ರು ಆಗಲೇ ಒಪ್ಪಿದ್ದರು, ಅವರು ಯಾವುದಕ್ಕೂ ಒಪ್ಪುವವರು. ತೊಡಕಿದ್ದದ್ದು ಟೀಚರಲ್ಲಿ. "ಹುಡುಗಿ ಒಳ್ಳೆಯವಳೇ. ಮನೆ ಎಂಥದ್ದು ಅಂತ ಗೊತ್ತಾಗದೆ ನಾನು ಹ್ಞೂಂ ಅನ್ನಲ್ಲ," ಎಂದು ಅವರು ಪಟ್ಟು ಹಿಡಿದು ಆರು ತಿಂಗಳಾಗಿತ್ತು. ಮಗಳು ಮನೆಯಲ್ಲಿ ಏನೂ ಹೇಳಿಕೊಳ್ಳದಿದ್ದರೂ ತಟ್ಟೆಯ ಮುಂದೆ ಕುಳಿತು ಅನ್ನ ಕೆದಕುವುದನ್ನು ತಂದೆತಾಯಿ ನೋಡುತ್ತಿದ್ದರು.

ಅಂಥ ಮಗಳು ಒಂದು ಸಂಜೆ ಓಡಿಬಂದು ಅಪ್ಪನ ಕುತ್ತಿಗೆಗೆ ಜೋತುಬಿದ್ದಳು.

"ಅಪ್ಪಾ, ಅವರಮ್ಮ ಒಪ್ಪೋ ಹಾಗಿದ್ದಾರೆ. ಅದೂ ನಿಮ್ಮಿಂದ."

"ನನ್ನಿಂದಾನಾ? ನಾನೇನು ಮಾಡಿದೆ?"

"ನನಗೂ ಗೊತ್ತಿಲ್ಲ. ನಿಮ್ಮ ಫೋಟೋ ನೋಡಿ ಅವರಪ್ಪ ಎದ್ದು ನಿಂತ್ಕೊಂಡ್ರಂತೆ."

ಮಗಳಿಗೆ ತಿಳಿಯದ ಸಂಗತಿ ಆ ರಾತ್ರಿಯೇ ಫೋನಿನಲ್ಲಿ ಬಂತು. ಮೇಷ್ಟ್ರ ದನಿ ಭಕ್ತಿಯಿಂದ ನಡುಗುತ್ತಿತ್ತು.

"ನಿಮ್ಮನ್ನ ನಾನು ಕಂಡಿದೀನಿ ಸ್ವಾಮಿ. ಹಳೆಪೇಟೆ ಅಂಗಡೀಲಿ. ಏನೋ ಕೆಲಸದ ಮೇಲೆ ಆ ಕಡೆ ಬಂದಿದ್ದೆ ನಾನು. ತಾವು ಅಜ್ಜನ ಕುರ್ಚಿಲಿ ಕಣ್ಣು ಮುಚ್ಚಿ ಕೂತಿದ್ರಿ. ಮಾತಾಡಿಸೋಕೆ ಧೈರ್ಯ ಬರಲಿಲ್ಲ. ನನ್ನ ಹೆಂಡತಿಗೆ ಎಲ್ಲಾ ಹೇಳಿದೆ. ಆ ಮನೆತನ ಆದರೆ ಮಾತೇ ಇಲ್ಲ ಅಂದ್ಲು. ಭಾನುವಾರ ಬರ್ತೀವಿ. ಉಳಿದಿರೋ ನಾಲ್ಕು ಹಳೇ ಸಾಮಾನು ನೋಡಿದ್ರೆ ಸಾಕಂತೆ ಅವಳಿಗೆ."

ಸಾಹೇಬರು ಬಾಯಿ ತೆರೆದರು. ಬಾಗಿಲಲ್ಲಿ ಮಗಳು ನಿಂತಿದ್ದಳು, ಆರು ತಿಂಗಳ ಮೇಲೆ ಮೊದಲ ಬಾರಿಗೆ ನಗುತ್ತಿದ್ದಳು. "ನೋಡೋಣ," ಎಂದು ಹೇಳಿ ಫೋನಿಟ್ಟರು.

ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು ಸೊಂಟದ ಮೇಲೆ ಕೈಯಿಟ್ಟರು. "ಬೀಗರಾಗೋರಿಗೆ ಸುಳ್ಳು ಹೇಳಿದ್ರಾ?"

"ನಾನೇನೂ ಹೇಳಲಿಲ್ಲ ಮಾರಾಯ್ತಿ. ನಿದ್ದೆ ಮಾಡ್ತಿದ್ದೆ."

"ನಿದ್ದೆಯಲ್ಲೂ ಸುಳ್ಳು ಹೇಳೋ ಗಂಡಸನ್ನ ನಾನು ಇವತ್ತೇ ನೋಡಿದ್ದು. ನಮ್ಮನೇಲಿರೋ ಹಳೇ ಸಾಮಾನು ಯಾವುದು ಗೊತ್ತಾ? ನೀವು."

ಆದರೂ ಮಗಳ ಮುಖ ನೋಡಿ ಅವರೂ ಕರಗಿದರು. ಒಂದೇ ಒಂದು ಭಾನುವಾರ ಮರ್ಯಾದೆ ಉಳಿದರೆ, ಮದುವೆ ಆದಮೇಲೆ ನಿಧಾನವಾಗಿ ನಿಜ ಹೇಳಬಹುದು ಎಂದು ಗಂಡಹೆಂಡತಿ ನಿರ್ಧರಿಸಿದರು. ಸಾಹೇಬರು ಅಂಗಡಿಯವರ ಹತ್ತಿರ ಹೋಗಿ ಒಂದು ದಿನದ ಮಟ್ಟಿಗೆ ನಾಲ್ಕು ಸಾಮಾನು ಎರವಲು ಕೊಡಬೇಕೆಂದು ಕೈ ಮುಗಿದರು.

"ಧಾರಾಳವಾಗಿ," ಎಂದರು ಅಂಗಡಿಯವರು. "ಕುರ್ಚಿ ತಗೊಂಡು ಹೋಗಿ, ಗಡಿಯಾರ ತಗೊಂಡು ಹೋಗಿ. ಈ ಬೀರುನೂ ತಗೊಂಡು ಹೋಗಿ, ಅಂಗಡಿ ಗುಡಿಸೋಕೆ ಜಾಗ ಆಗುತ್ತೆ. ಯಾರೋ ಒಬ್ಬ ಮೇಷ್ಟ್ರು ಕೊಟ್ಟು ಹೋಗಿದ್ದು. ಕೊಟ್ಟ ಮೇಲೆ ಮರೀಬೇಕು ತಾನೆ? ಇಲ್ಲ. ವಾರ ವಾರ ಬಂದು ಬೀರು ನೋಡಿ, ಬಾಗಿಲು ಸವರಿ, ನಿಟ್ಟುಸಿರು ಬಿಟ್ಟು ಹೋಗ್ತಾರೆ. ನೀವು ಆಗ ನಿದ್ದೇಲಿರ್ತೀರಿ. ಸಾಯಂಕಾಲದೊಳಗೆ ಎಲ್ಲಾ ವಾಪಸ್ ಬಂದುಬಿಡಬೇಕು, ನೋಡಿ."

ಯಾರೋ ಒಬ್ಬ ಮೇಷ್ಟ್ರು ಎಂಬ ಮಾತು ಕಿವಿಗೆ ಬಿದ್ದಾಗ ಬುದ್ಧಿವಂತನಾದವನು ಒಂದು ಕ್ಷಣ ನಿಂತು ಯೋಚಿಸುತ್ತಿದ್ದ. ಸಾಹೇಬರು ಬೀರುವನ್ನು ಎರಡು ಸಲ ಕುಟ್ಟಿ, ಮೂಸಿ, ಹ್ಞೂಂ ಎಂದರು.

ಭಾನುವಾರ ಬೆಳಿಗ್ಗೆ ತಳ್ಳುಗಾಡಿಯ ಮೇಲೆ ಕುರ್ಚಿ, ಗಡಿಯಾರ, ಆಳೆತ್ತರದ ಬೀರು ಬೀದಿಗೆ ಬಂದಿಳಿದವು. ಬೀದಿಗೆ ಬೀದಿಯೇ ಬಾಗಿಲಿಗೆ ಬಂತು. ಪಕ್ಕದ ಮನೆಯ ಟೈಲರು, ಸಾಹೇಬರು ಲಂಚ ತಿನ್ನಲು ಶುರು ಮಾಡಿದ್ದಾರೆ, ಆದರೆ ಹಳೆಯ ಕಾಲದವರಾದ್ದರಿಂದ ಹಳೆಯ ಸಾಮಾನೇ ತೆಗೆದುಕೊಳ್ಳುತ್ತಾರೆ ಎಂದರು. ಎದುರುಮನೆಯ ಅಜ್ಜಿ ಅದನ್ನು ಒಪ್ಪಲಿಲ್ಲ. "ಅವನಿಗೆ ಲಂಚ ತಿನ್ನೋ ಧೈರ್ಯ ಎಲ್ಲಿದೆಯಪ್ಪ? ಹಳೇ ಸಾಮಾನು ರಿಪೇರಿ ಅಂಗಡಿ ಹಾಕ್ತಿದ್ದಾನೆ," ಎಂದು ತೀರ್ಪು ಕೊಟ್ಟು, ತಮ್ಮ ಮನೆಯ ಅಟ್ಟ ಹುಡುಕಲು ಒಳಗೆ ಹೋದರು.

ಬೀರು ಕೋಣೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಉದ್ದಕ್ಕೆ ತಿರುಗಿಸಿ, ಅಡ್ಡಕ್ಕೆ ತಿರುಗಿಸಿ, ಟೈಲರ ಹೆಬ್ಬೆರಳು ಜಜ್ಜಿ, ಕೊನೆಗೆ ನಡುಮನೆಯಲ್ಲೇ ಬಿಟ್ಟರು. ನಡುಮನೆ ಅಲ್ಲಿಗೆ ಭರ್ತಿಯಾಯಿತು. ಸಾಹೇಬರು ಕಪ್ಪು ಕೋಟು ತೊಟ್ಟು ಸಿಂಹದ ಕುರ್ಚಿಯಲ್ಲಿ ಕುಳಿತರು. ಹೆಂಡತಿ ಸಾಮಾನುಗಳಿಗೆ ಅಂಗಡಿಯವರು ಕಟ್ಟಿದ್ದ ಚೀಟಿಗಳನ್ನು ಹುಡುಕಿ ಹುಡುಕಿ ಕತ್ತರಿಸಿದರು. ಗಡಿಯಾರ ಬೆಳಗಿನ ತಿಂಡಿಯ ಹೊತ್ತಿಗೆ ಹನ್ನೆರಡು ಹೊಡೆದು ಸುಮ್ಮನಾಯಿತು.

ಬೀಗರು ಹೇಳಿದ ಹೊತ್ತಿಗೆ ಬಂದರು. ಮೇಷ್ಟ್ರು ಬಡಕಲು ಆಳು, ಬೆರಳ ತುದಿಯಲ್ಲಿ ಇನ್ನೂ ನೀಲಿ ಬಣ್ಣ. ಟೀಚರು ಎತ್ತರದ ಹೆಂಗಸು, ಕುತ್ತಿಗೆಯಲ್ಲಿ ದಪ್ಪನೆಯ ಬಂಗಾರದ ಸರ, ಒಮ್ಮೆ ನೋಡಿದರೆ ಎಣಿಸಿ ಮುಗಿಸುವ ಕಣ್ಣು. ಮೇಷ್ಟ್ರು ಒಳಗೆ ಕಾಲಿಟ್ಟವರೇ ಸಾಹೇಬರಿಗೆ ಬಗ್ಗಿ ನಮಸ್ಕಾರ ಮಾಡಿದರು. ಬಗ್ಗಿದ ತಲೆ ಮೇಲೆತ್ತುವಾಗ ಅವರ ಕಣ್ಣು ಬೀರುವಿನ ಮೇಲೆ ಬಿತ್ತು. ಅವರು ಹಾಗೇ ಅರ್ಧ ಬಗ್ಗಿಕೊಂಡೇ ನಿಂತರು.

"ಕೂತ್ಕೊಳ್ಳಿ ಸ್ವಾಮಿ," ಎಂದರು ಸಾಹೇಬರು.

ಮೇಷ್ಟ್ರಿಗೆ ಕೇಳಿಸಲಿಲ್ಲ. ಟೀಚರಿಗೂ ಕೇಳಿಸಲಿಲ್ಲ. ಅವರು ಸೀದಾ ಬೀರುವಿನ ಹತ್ತಿರ ಹೋಗಿ, ಯಾರ ಅಪ್ಪಣೆಯನ್ನೂ ಕೇಳದೆ ಎಡಗಡೆಯ ಬಾಗಿಲು ತೆರೆದರು. ಬಾಗಿಲ ಒಳಮೈಯಲ್ಲಿ ಪೆನ್ಸಿಲಿನ ಗೆರೆಗಳಿದ್ದವು, ಒಂದರ ಮೇಲೊಂದು. ಟೀಚರು ಅವುಗಳ ಮೇಲೆ ಬೆರಳಾಡಿಸಿದರು.

"ಇದು ನಾನು," ಎಂದರು ಮೆಲ್ಲಗೆ. "ಇದು ನನ್ನ ತಂಗಿ. ಇಲ್ಲಿ ಅವಳು ನನಗಿಂತ ಎತ್ತರ ಆದಾಗ ನಾನು ಎರಡು ದಿನ ಊಟ ಬಿಟ್ಟಿದ್ದೆ." ಆಮೇಲೆ ತಿರುಗಿ ಗಂಡನನ್ನು ನೋಡಿದರು. "ಇದು ನಮ್ಮಮ್ಮನ ಬೀರು. ನಾನು ತಂಗಿ ಮನೆಗೆ ಹೋಗಿದ್ದಾಗ ಪಾಲಿಶ್‌ಗೆ ಕೊಟ್ಟೆ ಅಂದ್ರಲ್ಲ ನೀವು. ಇಲ್ಲಿಗೆ ಹೇಗೆ ಬಂತು?"

ಉತ್ತರಕ್ಕೂ ಕಾಯದೆ ಟೀಚರು ಮತ್ತೆ ಆ ಗೆರೆಗಳ ಕಡೆ ತಿರುಗಿದರು. ಹೆಂಡತಿಯ ಬೆನ್ನ ಹಿಂದಿನಿಂದ ಮೇಷ್ಟ್ರು ಸಾಹೇಬರ ಕಡೆ ನೋಡಿ, ಎದೆಯ ಹತ್ತಿರ ಎರಡೂ ಕೈಗಳನ್ನು ಅರ್ಧ ಜೋಡಿಸಿದರು.

ಆಗ ಸಾಹೇಬರಿಗೆ ಅರ್ಥವಾಯಿತು. ಅಂಗಡಿಗೆ ಬೀರು ಕೊಟ್ಟು, ವಾರ ವಾರ ಬಂದು ಸವರಿ ಹೋಗುತ್ತಿದ್ದ ಮೇಷ್ಟ್ರು ಇವರೇ. ಪಾಲಿಶ್ ಎಂಬುದೇ ಸುಳ್ಳು, ಹೆಂಡತಿಗೆ ತಿಳಿಯದಂತೆ ಮಾರಿದ್ದಾರೆ. ನಿಜ ಹೇಳಿದರೆ ಈ ಬಡಪಾಯಿ ಇವತ್ತು ಮನೆ ಸೇರುವ ಹಾಗಿಲ್ಲ. ಅಜ್ಜನ ಬೀರು ಎಂದು ಸಾಧಿಸಿದರೆ ತಾನು ಕಳ್ಳ. ಇನ್ನುಳಿದದ್ದು ಒಂದೇ ದಾರಿ, ಆ ದಾರಿಯಲ್ಲಿ ಹೋದರೆ ದೊಡ್ಡ ಮನೆತನ ಮಣ್ಣುಪಾಲು, ಅದರ ಜೊತೆಗೆ ಮಗಳ ಮದುವೆಯೂ ಹೋಗಬಹುದು. ಅಡುಗೆಮನೆಯ ಬಾಗಿಲಲ್ಲಿ ಮಗಳು ಚಹಾದ ತಟ್ಟೆ ಹಿಡಿದು ನಿಂತಿದ್ದಳು. ನೋಡೋಣ ಎಂಬ ಮಾತು ನಾಲಗೆಯ ತುದಿಗೆ ಬಂತು. ಆದರೆ ಮೇಷ್ಟ್ರ ಆ ಅರ್ಧ ಜೋಡಿಸಿದ ಕೈಗಳನ್ನು ನೋಡಿದ ಮೇಲೆ ಅದು ಅಲ್ಲೇ ನಿಂತುಹೋಯಿತು.

"ಪಾಲಿಶ್‌ಗೇ ಬಂದಿದ್ದು," ಎಂದರು ಸಾಹೇಬರು. "ನಾನೇ ಮಾಡೋದು."

ಟೀಚರು ಅವರ ಕಡೆ ತಿರುಗಿದರು.

"ನೀವಾ? ದೊಡ್ಡ ಮನೆತನದವರು ಬೀರು ಪಾಲಿಶ್ ಮಾಡ್ತೀರಾ?"

"ದೊಡ್ಡ ಮನೆತನ ಏನೂ ಇಲ್ಲಮ್ಮ. ನಮ್ಮಜ್ಜ ಸೈಕಲ್ ಪಂಕ್ಚರ್ ಹಾಕ್ತಿದ್ರು. ಈ ಕುರ್ಚಿಲಿ ನಾನು ನಿದ್ದೆ ಮಾಡೋದು ನಿಜ. ಅದೊಂದೇ ನಿಜ. ಮಿಕ್ಕಿದ್ದು ಅಂಗಡಿಯವರು ಹೇಳಿದ್ದು, ನಾನು ಇಲ್ಲ ಅನ್ನಲಿಲ್ಲ. ತಪ್ಪು ನಂದು. ನನ್ನ ಮಗಳಿಗೆ ಇದ್ಯಾವುದೂ ಗೊತ್ತಿಲ್ಲ, ಅವಳ ಮೇಲೆ ಹಾಕಬೇಡಿ."

ಚಹಾದ ಲೋಟಗಳು ತಟ್ಟೆಯಲ್ಲಿ ಗಲಗಲ ಎಂದವು. ಟೀಚರು ಬೀರುವಿಗೆ ಮೂಗು ತಂದು ಮೂಸಿದರು. ಬೆರಳಿನಿಂದ ಒರೆಸಿ, ಆ ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು.

"ಪಾಲಿಶ್ ಮಾಡಿದ ಹಾಗೇ ಕಾಣಲ್ಲವಲ್ಲ."

"ಹಳೇ ವಸ್ತುಗೆ ಪಾಲಿಶ್ ಮಾಡಿದ ಹಾಗೆ ಕಾಣಬಾರದಮ್ಮ," ಎಂದರು ಸಾಹೇಬರು ಗಂಭೀರವಾಗಿ. "ಅದೇ ಪಾಲಿಶ್."

"ಯಾವ ಎಣ್ಣೆ ಹಾಕಿದ್ರಿ?"

ನೀರಿನ ಕಚೇರಿಯವರಿಗೆ ಎಣ್ಣೆಯ ವಿಷಯ ಏನು ಗೊತ್ತು? ಸಾಹೇಬರು ತಾರಸಿ ನೋಡಿದರು. ಸರಿಯಾಗಿ ಅದೇ ಹೊತ್ತಿಗೆ ಎದುರುಮನೆಯ ಅಜ್ಜಿ ಮೂರು ಕಾಲಿನ ಒಂದು ಸ್ಟೂಲನ್ನು ಎಳೆದುಕೊಂಡು ಒಳಗೆ ಬಂದರು.

"ಏನಪ್ಪಾ, ಬೀರು ಮುಗೀತಾ? ಮುಗಿದಿದ್ರೆ ಇದಕ್ಕೊಂದು ಕಾಲು ಹಾಕಿಕೊಡು. ಮೊದಲು ಬಂದವರಿಗೆ ಮೊದಲು ಮಾಡಿಕೊಡಬೇಕು, ಆ ಟೈಲರು ಮುರಿದ ಕೊಡೆ ಹಿಡ್ಕೊಂಡು ಬರ್ತಿದ್ದಾನೆ, ಅವನನ್ನ ಒಳಗೆ ಬಿಡಬೇಡ." ಹೀಗೆ ಹೇಳಿ, ಬೀಗರ ಕಡೆ ತಿರುಗಿ, "ಒಳ್ಳೇ ಕೈ ಇವನದು. ಯಾರ ಜೊತೆಗೂ ಜಗಳ ಇಲ್ಲ," ಎಂದು ಪ್ರಮಾಣಪತ್ರ ಕೊಟ್ಟು, ಸ್ಟೂಲನ್ನು ಗೋಡೆಗೆ ಒರಗಿಸಿ ಹೊರಟುಹೋದರು.

ಅಜ್ಜಿ ಆ ಬೀದಿಯಲ್ಲಿ ಹುಟ್ಟಿ ಬೆಳೆದವರು, ಅವರ ಮಾತಿಗೆ ಇಷ್ಟು ಬೆಲೆ ಬಂದದ್ದು ಅದೇ ಮೊದಲು. ಸಾಹೇಬರ ಹೆಂಡತಿ ನಗು ತಡೆಯಲಾರದೆ ಅಡುಗೆಮನೆಗೆ ಹೋದರು.

ಟೀಚರು ಬೀರುವಿನ ಬಾಗಿಲು ಮುಚ್ಚಿದರು. ಆಮೇಲೆ ನಡುಮನೆಯ ಚಾಪೆಯ ಮೇಲೆ ಕುಳಿತು, ಕುತ್ತಿಗೆಯ ಹಿಂದೆ ಕೈ ಹಾಕಿ, ಬಂಗಾರದ ಸರವನ್ನು ಬಿಚ್ಚಿ ಮಡಿಲಲ್ಲಿ ಹಾಕಿಕೊಂಡರು.

"ಇದು ನನ್ನ ತಂಗೀದು," ಎಂದರು. "ದೊಡ್ಡ ಮನೆತನದವರ ಮನೆಗೆ ಹೋಗೋದು ಅಂತ ಕೇಳಿ ತಂದೆ. ಬೆಳಿಗ್ಗೆಯಿಂದ ಕುತ್ತಿಗೆ ಕೊರೀತಿದೆ. ಈ ವಾರ ಪೂರ್ತಿ ನನಗೆ ನಿದ್ದೆ ಇಲ್ಲ. ಅಂಥವರ ಎದುರಿಗೆ ಏನು ಮಾತಾಡೋದು, ಹೇಗೆ ಕೂತ್ಕೊಳ್ಳೋದು, ನಮ್ಮ ಹುಡುಗನ್ನ ಅವರು ಕೀಳಾಗಿ ಕಂಡ್ರೆ ಏನು ಗತಿ ಅಂತ." ಅವರು ಮಗಳ ಕಡೆ ನೋಡಿದರು. "ಚಹಾ ಆರಿಹೋಗುತ್ತೆ, ತಾ ಮಗು. ನಿಮ್ಮಪ್ಪ ಪಾಲಿಶ್ ಮಾಡಿದ್ರೆ ಏನಾಯ್ತು, ನಾಲ್ಕು ಜನ ನಂಬಿ ಕೆಲಸ ಕೊಡ್ತಾರಲ್ಲ. ಇಂಥ ಮನೆ ಆದ್ರೆ ನಾನು ಕಾಲು ಚಾಚಿ ಕೂರಬಹುದು."

ಹೇಳಿದ್ದಷ್ಟೇ ಅಲ್ಲ, ಕಾಲು ಚಾಚಿಯೇ ಕುಳಿತರು. ಮಗಳು ಚಹಾ ಕೊಟ್ಟಳು, ಅರ್ಧ ತಟ್ಟೆಗೆ ಚೆಲ್ಲಿತ್ತು. ಯಾರೂ ಅದರ ಬಗ್ಗೆ ಮಾತೆತ್ತಲಿಲ್ಲ. ಸಾಹೇಬರು ಮೂಗಿಲ್ಲದ ಸಿಂಹದ ತಲೆ ಸವರುತ್ತ ಕುಳಿತರು. ಈ ಸಲ ನಿಟ್ಟುಸಿರು ನಿಜವಾದದ್ದಾಗಿತ್ತು.

ಹೊರಡುವಾಗ ಟೀಚರು ಅವರ ಕೋಟಿನ ತೋಳನ್ನು ಮೆಲ್ಲಗೆ ಮುಟ್ಟಿದರು. ಅಲ್ಲಿ ಒಂದು ಚೀಟಿ ನೇತಾಡುತ್ತಿತ್ತು. ಕುರ್ಚಿ, ಗಡಿಯಾರ, ಬೀರು ಎಲ್ಲದರ ಚೀಟಿ ಕತ್ತರಿಸಿದ್ದ ಹೆಂಡತಿ ಗಂಡನ ತೋಳು ನೋಡುವುದನ್ನು ಮರೆತಿದ್ದರು. ಟೀಚರು ಕನ್ನಡಕ ಏರಿಸಿ ಓದಿದರು: ಹಳೆಯದು, ಮುಟ್ಟಬೇಡಿ.

"ಬೀಗರಿಗೆ ಇದು ಒಪ್ಪುತ್ತೆ," ಎಂದಷ್ಟೇ ಹೇಳಿ ಅಂಗಳಕ್ಕಿಳಿದರು.

ಅಂಗಳದಲ್ಲಿ ಗಾಡಿಯವನು ಸಾಮಾನನ್ನು ಅಂಗಡಿಗೆ ವಾಪಸ್ ಒಯ್ಯಲು ಕಾದಿದ್ದ. ಟೀಚರು ಅವನಿಗೆ ತಮ್ಮ ಮನೆಯ ದಾರಿ ಹೇಳಿ, ಬೀರುವನ್ನು ಹೊರಿಸಿಕೊಂಡು, ಸೈನ್ಯ ನಡೆಸುವ ಹಾಗೆ ಗಾಡಿಯ ಮುಂದೆ ನಡೆದರು. ಅಡ್ಡ ಬರುವ ಧೈರ್ಯ ಯಾರಿಗಿತ್ತು? ಮೇಷ್ಟ್ರು ಮಾತ್ರ ಒಂದು ಗಳಿಗೆ ಹಿಂದೆ ಉಳಿದರು.

"ನಿಮ್ಮ ಋಣ ನಾನು ಹೇಗೆ ತೀರಿಸಲಿ," ಎಂದರು, ಸಾಹೇಬರ ಕೈ ಹಿಡಿದು.

"ಅದಿರಲಿ. ಯಾಕೆ ಮಾರಿದ್ರಿ ಹೇಳಿ."

ಮೇಷ್ಟ್ರು ಬೀದಿಯ ತುದಿ ನೋಡಿದರು. ಗಾಡಿ ಇನ್ನೂ ಕಾಣುತ್ತಿತ್ತು. "ನಾನು ಚಿತ್ರ ಬರೆಯೋ ಕೋಣೆಗೆ ಇರೋದು ಒಂದೇ ಕಿಟಕಿ. ಮದುವೆಯಾದ ದಿನದಿಂದ ಆ ಬೀರು ಅದರ ಮುಂದೇನೇ ಇದೆ. ಬೇರೆ ಎಲ್ಲೂ ಹಿಡಿಸಲ್ಲ. ಅವಳು ಊರಲ್ಲಿ ಇಲ್ಲದಾಗ ಒಂದೇ ಒಂದ್ಸಲ ಕಿಟಕಿ ತೆಗೆದು ನೋಡೋಣ ಅಂತ ಬೀರು ಸರಿಸಿದೆ. ಎದುರಿಗೆ ಒಂದು ಮರ ಇದೆ ಸ್ವಾಮಿ. ನಮ್ಮ ಮನೆಗೆ ಅಂಥ ಮರ ಇರೋದೇ ನನಗೆ ಗೊತ್ತಿರಲಿಲ್ಲ. ಬುದ್ಧಿ ಕೆಟ್ಟುಹೋಯ್ತು. ಆಮೇಲೆ ಆ ಮರ ನೋಡಿದಾಗಲೆಲ್ಲಾ ಬೀರು ನೆನಪಾಗೋದು. ಒಂದು ಎಲೆ ಬರೆಯೋಕೂ ಆಗಲಿಲ್ಲ."

ಸಾಹೇಬರಿಗೆ ಆ ಮನುಷ್ಯನ ಮೇಲೆ ಪ್ರೀತಿ ಉಕ್ಕಿಬಂತು. ಇಡೀ ಊರಿನಲ್ಲಿ ತನ್ನಷ್ಟೇ ಪೆದ್ದ ಇನ್ನೊಬ್ಬನಿದ್ದಾನೆ, ಅವನು ತನ್ನ ಬೀಗ.

ಆದರೆ ಅಂಗಡಿಯವರು ಬೀಗರಲ್ಲ. ಮುಂದಿನ ಶನಿವಾರ ಇಬ್ಬರೂ ತಲೆ ತಗ್ಗಿಸಿಕೊಂಡು ಹೋಗಿ ನಿಂತರು. ಅಂಗಡಿಯವರು ಕಥೆಯನ್ನೆಲ್ಲ ಕೇಳಿ, ಬೀರು ಇದ್ದ ಖಾಲಿ ಜಾಗವನ್ನು ನೋಡಿ, ಮತ್ತೆ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬಡಕಲು ಮೈ, ಕುಳಿಬಿದ್ದ ಕೆನ್ನೆ, ಉದ್ದನೆಯ ಮೂಗು. ಅಂಗಡಿಯವರ ಕಣ್ಣು ಹೊಳೆಯಿತು.

"ಬೀರು ನೀವೇ ಇಟ್ಕೊಳ್ಳಿ. ಅದಕ್ಕೆ ಬದಲು ನೀವೂ ಶನಿವಾರ ಬಂದು ಕೂತ್ಕೊಳ್ಳಿ," ಎಂದರು.

ಹೀಗೆ ಸಿಂಹದ ಕುರ್ಚಿಯ ಎದುರಿಗೆ ಇನ್ನೊಂದು ಕುರ್ಚಿ ಬಂತು, ಅದರಲ್ಲಿ ಮೇಷ್ಟ್ರು ಬಂದರು. ಅಂಗಡಿಯವರು ಕಥೆಯನ್ನೂ ಬೆಳೆಸಿದರು. ಇಬ್ಬರೂ ಒಡಹುಟ್ಟಿದವರು, ಆಸ್ತಿ ಜಗಳದಲ್ಲಿ ಮಾತು ಬಿಟ್ಟವರು, ಅಜ್ಜನ ಕುರ್ಚಿಗಳು ಒಂದೇ ಕಡೆ ಇರುವುದರಿಂದ ವಾರಕ್ಕೊಮ್ಮೆ ಎದುರುಬದುರು ಕೂರುತ್ತಾರೆ. ಇದನ್ನು ಕೇಳಿ ಅಳದ ಗಿರಾಕಿಯಿಲ್ಲ. ವ್ಯಾಪಾರ ಕುದುರಿತು. ತೊಂದರೆ ಎಂದರೆ ಒಂದೇ. ಈ ಇಬ್ಬರಿಗೂ ಮಾತಾಡಲು ರಾಶಿ ವಿಷಯವಿತ್ತು, ಮದುವೆಯ ವಿಷಯ, ಮರದ ವಿಷಯ, ತಂತಮ್ಮ ಹೆಂಡತಿಯರ ವಿಷಯ. ಆದರೆ ಮಾತು ಬಿಟ್ಟ ಅಣ್ಣತಮ್ಮಂದಿರಾದ್ದರಿಂದ ಬಾಯಿ ಬಿಡುವಂತಿರಲಿಲ್ಲ. ಗಿರಾಕಿಗಳು ಇಲ್ಲದಾಗ ಪಿಸುಗುಟ್ಟುತ್ತಿದ್ದರು, ಬಾಗಿಲಲ್ಲಿ ನೆರಳು ಕಂಡ ಕೂಡಲೇ ಮುಖ ತಿರುಗಿಸಿಕೊಳ್ಳುತ್ತಿದ್ದರು.

ಮದುವೆಗೆ ಇನ್ನು ಕೆಲವೇ ವಾರ ಇರುವಾಗ ಒಂದು ಶನಿವಾರ ಇಬ್ಬರು ಹೆಂಗಸರು ಅಂಗಡಿಯ ಮೆಟ್ಟಿಲು ಹತ್ತಿದರು. ಒಬ್ಬರ ಕೈಯಲ್ಲಿ ಮೂರು ಕಾಲಿನ ಸ್ಟೂಲಿತ್ತು. ಕುರ್ಚಿಗಳಲ್ಲಿದ್ದವರು ಕಾಲಸಪ್ಪಳ ಕೇಳಿ ಕಣ್ಣು ಮುಚ್ಚಿ, ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಮುಖ ತಿರುಗಿಸಿ, ಒಟ್ಟಿಗೆ ನಿಟ್ಟುಸಿರು ಬಿಟ್ಟರು.

ಅಂಗಡಿಯವರು ತುಟಿಯ ಮೇಲೆ ಬೆರಳಿಟ್ಟರು. "ಮೆಲ್ಲಗೆ ಮಾತಾಡಿ ಅಮ್ಮ. ದೊಡ್ಡ ಮನೆತನದವರು. ಅಣ್ಣತಮ್ಮಂದಿರು. ಇಪ್ಪತ್ತು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿಲ್ಲ."

"ಅಯ್ಯೋ ಪಾಪ," ಎಂದರು ಒಬ್ಬರು. ಸಾಹೇಬರಿಗೆ ಆ ದನಿ ಗೊತ್ತಿತ್ತು. ಒಣಗದ ನೆಲದ ಮೇಲೆ ಕಾಲಿಟ್ಟರೆ ಕೇಳಿಬರುವ ದನಿ ಅದು. ಕಣ್ಣು ಇನ್ನೂ ಬಿಗಿಯಾಗಿ ಮುಚ್ಚಿಕೊಂಡರು.

"ಇಬ್ಬರೂ ಮಾರಾಟಕ್ಕಾ?" ಎಂದು ಕೇಳಿದ್ದು ಇನ್ನೊಬ್ಬರು. ಮೇಷ್ಟ್ರ ಕುರ್ಚಿ ಕಿರ್ ಎಂದಿತು.

ಅಂಗಡಿಯವರು ತಬ್ಬಿಬ್ಬಾದರು. "ಇಲ್ಲ ಅಮ್ಮ, ಕುರ್ಚಿ ಮಾತ್ರ."

"ಕುರ್ಚಿ ನಿಮಗೇ ಇರಲಿ," ಎಂದರು ಟೀಚರು, ಸ್ಟೂಲನ್ನು ಕೆಳಗಿಟ್ಟು. "ಇವರಿಬ್ಬರನ್ನ ಕಳಿಸಿಕೊಡಿ. ಎದುರುಮನೆ ಅಜ್ಜಿ ದಿನಾ ಸ್ಟೂಲು ಕೇಳ್ತಿದ್ದಾರೆ, ಪಾಲಿಶ್ ಮಾಡೋರು ಒಬ್ಬರು ಕಾಲು ಹಾಕಲಿ. ಇನ್ನೊಬ್ಬರಿಗೆ ಮನೇಲಿ ಬೇರೆ ಕೆಲಸ ಇದೆ. ಬೀರುನ ನಾನು ಹುಡುಗ ಹುಡುಗಿ ಮಾಡಿರೋ ಹೊಸ ಮನೆಗೆ ಕಳಿಸಿಬಿಟ್ಟೆ. ಆ ಬಾಗಿಲಲ್ಲಿ ಗೆರೆ ಎಳೆಯೋಕೆ ಇನ್ನೂ ಜಾಗ ಇದೆ. ಕೋಣೇಲಿ ಈಗ ಕಿಟಕಿ ತೆಗೆದೇ ಇದೆ, ಆ ಮರ ಅವರನ್ನೇ ಕಾಯ್ತಿದೆ."

ಮೇಷ್ಟ್ರು ಕಣ್ಣು ತೆರೆದರು. ಕಣ್ಣಿನಲ್ಲಿ ನೀರಿತ್ತು.

"ನಿನಗೆ ಯಾವಾಗ ಗೊತ್ತಾಯ್ತು?"

"ನಾನು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು. ಒಂದು ಬೀರು ಪಾಲಿಶ್‌ಗೆ ಎರಡು ತಿಂಗಳು ಯಾವ ಲೆಕ್ಕದಲ್ಲೂ ಬರಲ್ಲ," ಎಂದರು ಟೀಚರು. ಆಮೇಲೆ ಸಾಹೇಬರ ಕಡೆ ತಿರುಗಿದರು. ಸಾಹೇಬರು ಇನ್ನೂ ಕಣ್ಣು ಮುಚ್ಚಿಕೊಂಡೇ, ಗೊರಕೆಯನ್ನೂ ಸೇರಿಸಿದ್ದರು. "ಬೀಗರೇ, ನೀವು ಅವತ್ತು ನಮ್ಮೆಜಮಾನರ ಮಾನ ಉಳಿಸಿದ್ರಲ್ಲ, ಅದಕ್ಕೇ ನಾನು ಮದುವೆಗೆ ಒಪ್ಪಿದ್ದು. ಏಳಿ ಈಗ. ಮನೆಗೆ ಹೋಗೋಣ."

ಗೊರಕೆ ನಿಂತಿತು. ಸಾಹೇಬರು ಒಂದು ಕಣ್ಣು ತೆರೆದು ಹೆಂಡತಿಯನ್ನು ನೋಡಿದರು.

"ನೆಲ ಒಣಗಿದೆಯಾ?" ಎಂದು ಕೇಳಿದರು.